ಬಾಣಂತಿ ಕಿಟಕಿಯ ಹೂಮಡಿ

ಗದಗ ಸ್ಟೇಶನ್ನಿನಲ್ಲಿ ಬೆಳಗಿನ ರೈಲು ಇನ್ನೂ ಕೂಗಿಲ್ಲ. ಬೆಟಗೇರಿಯ ಆಸ್ಪತ್ರೆಯೊಂದರ ಬಾಣಂತಿ ವಾರ್ಡಿನ ಕಿಟಕಿಯ ಕೆಳಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ ರಸೂಲಬಿ ತಂಬಿಗೆಯಿಂದ ಗಿಡಗಳ ಬುಡಕ್ಕೆ ನೀರು ಹನಿಸುತ್ತಿದ್ದಾರೆ. ಎಲೆಯ ಮೇಲೆ ಬಿದ್ದ ಹನಿಯನ್ನು ಸೆರಗಿನಿಂದಲೇ ಒರೆಸುತ್ತಾರೆ. "ಎಲಿ ತೊಯ್ದ್ರ ಬೂದಿರೋಗ ಹತ್ತತೈತ್ರಿ. ಬುಡಕ್ಕಷ್ಟ ಉಣಸಬೇಕು."

ಈ ಬೇಸಿಗೆಯಲ್ಲಿ ಅವರಿಗೆ ಬಲು ಅವಸರ. ಮಗಳು ಅಲ್ಮಾಸಬಿ ಮೊನ್ನೆ ಹೆಣ್ಣು ಹಡೆದು ಇದೇ ಕಿಟಕಿಯ ಪಕ್ಕ ಮಲಗಿದ್ದಾಳೆ, ನಾಳೆ ಮನೆಗೆ ಹೋಗುತ್ತಾಳೆ. ಗಿಡದ ತುಂಬ ಮೊಗ್ಗು, ಬಿರಿದದ್ದು ಒಂದೂ ಇಲ್ಲ. "ಊರ ಹೆಣ್ಮಕ್ಕಳಿಗೆಲ್ಲಾ ಈ ಘಮ ಕೊಟ್ಟೇನ್ರಿ. ನನ್ನ ಮಗಳಿಗೇ ಇಲ್ಲಂದ್ರ ಹೆಂಗ?"

ಗಂಡ ತೀರಿದ ಮೇಲೆ ಮುಂಡರಗಿಯಿಂದ ಬಂದ ರಸೂಲಬಿಗೆ ಇಲ್ಲಿ ಸಿಕ್ಕಿದ್ದು ಕಸ ಹೊಡೆಯುವ ಕೆಲಸ. ಪರದೇಶದ ನರ್ಸೊಬ್ಬರು ಊರಿಗೆ ಮರಳುವಾಗ ಹೂಗಿಡವೊಂದರ ಬೇರಿನ ತುಂಡನ್ನು ಕೈಗಿಟ್ಟು ಹೋದರು. ಗಿಡದ ಹೆಸರು ಫ್ಲಾಕ್ಸ್. ಇಲ್ಲಿಯವರ ಬಾಯಲ್ಲಿ ಅದು ಬಾಣಂತಿ ಹೂ. ಬೇಸಿಗೆಯಲ್ಲಿ ತಿಳಿಗುಲಾಬಿ ಗೊಂಚಲು ಬಿಟ್ಟು ಸಂಜೆಗೆ ಘಮ್ಮೆನ್ನುತ್ತದೆ. ಮಾಲೆ ಕಟ್ಟಲು ಹೋದರೆ ಎಸಳು ಉದುರುತ್ತವೆ. "ದೇವರಿಗಿಲ್ಲ, ದರ್ಗಾಕ್ಕಿಲ್ಲ, ತುರಬಿಗಿಲ್ಲ, ಯಾಕ ಬೇಕಿದು ಅಂತಾರ್ರಿ. ಹಡದು ಮಲಗಿದಾಕಿನ್ನ ಕೇಳ್ರಿ ಅಂತೇನಿ."

ಚಳಿಗಾಲದಲ್ಲಿ ಗಿಡ ನೆಲದವರೆಗೆ ಒಣಗುತ್ತದೆ, ಬೇರು ಮಾತ್ರ ಜೀವ ಹಿಡಿದಿರುತ್ತದೆ. ಅಂತೂರ ಬೆಂತೂರಿನ ಮಾಳವ್ವನಿಗೆ ಇದು ಗೊತ್ತಿರಲಿಲ್ಲ. ಕಳೆದ ಚಳಿಗಾಲ ಮಗಳ ಹೆರಿಗೆಗೆ ಬಂದಿದ್ದವರು, ಒಣಗಿದ ಗಿಡ ಬಾಣಂತಿಯ ಕಣ್ಣಿಗೆ ಬೀಳಬಾರದೆಂದು ಎಲ್ಲವನ್ನೂ ಬುಡಸಮೇತ ಕಿತ್ತು ತಿಪ್ಪೆಗೆಸೆದುಬಿಟ್ಟರು! ರಸೂಲಬಿ ಅತ್ತರು, ಬಾಯಿಗೆ ಬಂದಂತೆ ಬೈದರು, ತಿಪ್ಪೆ ಕೆದರಿದರು. ಸಿಕ್ಕ ಬೇರುಗಳನ್ನು ಹಸಿ ಗೋಣಿತಾಟಿನಲ್ಲಿ ಸುತ್ತಿಟ್ಟು ಮತ್ತೆ ನೆಟ್ಟರು. ಊರಿಗೆ ಹೋಗುವವರೆಗೂ ನೀರು ಹೊತ್ತವರು ಮಾಳವ್ವನೇ. "ಸತ್ತೈತಿ ಅಂತ ತಿಳದಿದ್ನವಾ" ಎಂದು ಈಗಲೂ ಗಲ್ಲ ಬಡಿದುಕೊಳ್ಳುತ್ತಾರೆ.

ಇಂದು ಮೊಮ್ಮಗನಿಗೆ ಚುಚ್ಚುಮದ್ದು ಹಾಕಿಸಲು ಬಂದ ಅವರು ಸಂಜೆಯ ಬಸ್ಸಿಗೆ ಹೊತ್ತಿದೆಯೆಂದು ಹೂಮಡಿಯ ಬಳಿ ಕುಳಿತಿದ್ದಾರೆ. ಹೊತ್ತು ಇಳಿಯುತ್ತಿದ್ದಂತೆ ಕಿಟಕಿಯೊಳಗಿಂದ ಅಲ್ಮಾಸಬಿಯ ದನಿ: "ಅಮ್ಮಾ, ಯಾರು ಅತ್ತರ ಹಚ್ಚಿಕೊಂಡು ಬಂದಾರ?"

ರಸೂಲಬಿ ಧಡಕ್ಕನೆ ಎದ್ದು ಎಲೆ ಸರಿಸುತ್ತಾರೆ. ಗೋಡೆಯ ಕಡೆಗೆ ಬಾಗಿದ ಒಂದು ಗೊಂಚಲು ಬಿರಿದಿದೆ.

"ಯಾರೂ ಹಚ್ಚಿಲ್ಲವಾ. ನಿನ್ನ ಪಾಲು ಬಂತು ನೋಡು!" ಕಣ್ಣು ತುಂಬಿದೆ, ನಗುವೂ ಬಂದಿದೆ.

"ನನಗೂ ಒಂದು ಬೇರು ಕೊಡಬೇ" ಎನ್ನುತ್ತಾರೆ ಮಾಳವ್ವ, ಮೆಲ್ಲಗೆ.

"ಕೊಡತೇನಿ. ಚಳಿಗಾಲದಾಗ ಮುಸುಕು ಹಾಕ್ಕೊಂಡು ಮಲಗತೈತಿ. ಎಬ್ಬಸಾಕ ಹೋಗಬ್ಯಾಡ ಮತ್ತ!"