ಎತ್ತು ಹೂಡದ ಸೋಮವಾರ

ಕೊಟ್ಟೂರಿನ ನಮ್ಮ ಮನೆಯ ಮಹಡಿ ಮೇಲೆ ತಗಡು ಹೊದಿಸಿದ ಒಂದು ಕೋಣೆ ಇದೆ. ನಾನು ಸೊಸೆಯಾಗಿ ಬರುವ ಮುಂಚೆ ಅಲ್ಲಿ ಮೆಕ್ಕೆಜೋಳದ ಚೀಲ ಇಡುತ್ತಿದ್ದರಂತೆ. ಈಗ ನನ್ನನ್ನು ಇಟ್ಟಿದ್ದಾರೆ. ಬೆಳಗ್ಗೆ ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲು ಹತ್ತಿದರೆ ಇಳಿಯುವುದು ಊಟಕ್ಕೆ, ಆಮೇಲೆ ಸಂಜೆಗೆ. ಮೀಟಿಂಗಿನಲ್ಲಿ ಕೆಳಗಿನ ಮಿಕ್ಸರ್ ಸದ್ದು ಕೇಳಬಾರದೆಂದು ಬಾಗಿಲು ಹಾಕಿಕೊಳ್ಳಬೇಕು, ಹಾಕಿಕೊಂಡರೆ ಒಳಗೇ ಬೇಯಬೇಕು. ಓಣಿಯವರ ಕಣ್ಣಿಗೆ ಮಾತ್ರ ನಾನು ನೆರಳಲ್ಲಿ ಕೂತು ಉಣ್ಣುವವಳು. ಅಲ್ಲ ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೇನೆ.

ಒಂದು ಕಂಪನಿ ಎತ್ತು ಕಟ್ಟಿ ಎಳೆದು ಕಳೆ ತೆಗೆಯುವ ಹೊಸ ಬಗೆಯ ಎಡೆಕುಂಟೆಯನ್ನು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ರೈತರಿಗೆ ಬಳಸಿ ನೋಡಲು ಕೊಟ್ಟಿತ್ತು. ಯಾವ ದಿನ ಎಷ್ಟು ಹೊಲದಲ್ಲಿ ಕುಂಟೆ ಹೊಡೆದರೆಂದು ಆಯಾ ಊರಿನ ಹೆಣ್ಣುಮಕ್ಕಳು ಮೊಬೈಲಿನ ಆ್ಯಪಿನಲ್ಲಿ ತುಂಬಬೇಕು. ಅದೆಲ್ಲ ಹೋಗಿ ಸೇರುವ ಜಾಗಕ್ಕೆ ಡೇಟಾ ವೇರ್‌ಹೌಸ್ ಎನ್ನುತ್ತಾರೆ. ಒಂಥರಾ ಗೋದಾಮು ಎಂದು ಅತ್ತೆಗೆ ಬಿಡಿಸಿ ಹೇಳಿದೆ. “ಹಂಗಾರ ಇಲಿ ಇದ್ದಾವು ನೋಡವಾ,” ಎಂದರು. ಆ ಇಲಿ ಹಿಡಿಯುವುದೇ ನನ್ನ ಕೆಲಸ ಎಂದೆ.

ಸುಳ್ಳೇನೂ ಹೇಳಲಿಲ್ಲ. ನನ್ನ ಪರದೆಯ ಮೇಲೆ ನೋಟ್‌ಬುಕ್ ಎಂಬುದೊಂದು ಇರುತ್ತದೆ, ಮೇಲಿನಿಂದ ಕೆಳಗೆ ಚೌಕ ಚೌಕ. ಒಂದು ಚೌಕದಲ್ಲಿ ಪ್ರಶ್ನೆ ಬರೆದು ಗುಂಡಿ ಒತ್ತಿದರೆ ಗೋದಾಮನ್ನೆಲ್ಲ ಜಾಲಾಡಿ ಅದರ ಕೆಳಗೇ ಉತ್ತರ ತಂದಿಡುತ್ತದೆ. ಅನುಮಾನ ಬಂದರೆ ಪ್ರಶ್ನೆಯನ್ನು ಚೂರು ತಿದ್ದಿ ಮತ್ತೆ ಒತ್ತಬಹುದು. ಎಷ್ಟು ಸಲ ಕೇಳಿದರೂ ಬೇಸರಪಟ್ಟುಕೊಳ್ಳದೆ ಉತ್ತರ ಕೊಡುವುದು ನಮ್ಮ ಮನೆಯಲ್ಲಿ ಅದೊಂದೇ. ಅಂಕಿ ಸರಿ ಇದ್ದರೆ ಹಸಿರು ಗುರುತು, ಖಾಲಿ ಇದ್ದರೆ ಕೆಂಪು. ಈ ನಿಯಮ ಬರೆದವರು ನಗರದಲ್ಲಿ ಕೂತ ನನ್ನ ಮ್ಯಾನೇಜರು.

ಒಂದು ಬೆಳಗ್ಗೆ ಹಲವಾಗಲು ಎಂಬ ಊರಿನ ಸಾಲುಗಳಲ್ಲಿ ಕೆಂಪು ತುಂಬಿತ್ತು. ವಾರದ ದಿನಗಳನ್ನು ಬೇರೆ ಬೇರೆ ಮಾಡಿ ಚಿತ್ರ ಬರೆಸಿದೆ. ಉಳಿದೆಲ್ಲ ದಿನಗಳಿಗೂ ಕಂಬ ಎದ್ದಿತು, ಸೋಮವಾರದ ಜಾಗ ಬೋಳು. ಆ ಊರಿನ ಅಂಕಿ ತುಂಬುವವಳು ಹರಪನಹಳ್ಳಿಯ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬರ ಮಗಳು, ಹಲವಾಗಲಿಗೆ ಮದುವೆಯಾಗಿ ಬಂದವಳು. ಫೋನ್ ಮಾಡಿದೆ.

“ಸೋಮವಾರ ಯಾರಾದ್ರೂ ಎತ್ತು ಹೂಡ್ತಾರೇನ್ರಿ ಮೇಡಂ? ಅದನ್ನೂ ಬರೀಬೇಕಾ?” ಎಂದು ಆಕೆಯೇ ಬೆರಗಾದಳು. “ನಮಗೆ ನಮಾಜಿನ ಶುಕ್ರವಾರ ಹೆಂಗೋ ಎತ್ತಿಗೆ ಸೋಮವಾರ ಹಂಗೆ.”

ನನಗೆ ನಗು ಬಂತು. ನಮ್ಮ ಮಾವನೂ ಸೋಮವಾರ, ಬಸವಣ್ಣನ ವಾರವೆಂದು, ಎತ್ತಿನ ಹೆಗಲಿಗೆ ನೊಗ ಮುಟ್ಟಿಸುವುದಿಲ್ಲ. ಆ ದಿನ ತಾನು ಹರಪನಹಳ್ಳಿಗೆ ಹೋಗುವುದಾಗಿ ಆಕೆ ಹೇಳಿದಳು. ಆಕೆಯ ಮಗಳು ಅಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದಳು. ವಾರಕ್ಕೊಮ್ಮೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಅಮ್ಮ ನಿಂತಿರಬೇಕು, ಅದು ಅವರಿಬ್ಬರ ಕರಾರು.

ನಗು ಬಹಳ ಹೊತ್ತು ಉಳಿಯಲಿಲ್ಲ. ಉಳಿದ ಊರುಗಳ ಸೋಮವಾರ ನೋಡಿದರೆ ಎಲ್ಲ ಹಸಿರು. ಪ್ರಶ್ನೆ ತಿದ್ದಿ ತಿದ್ದಿ ಒತ್ತಿದೆ, ಬಂದದ್ದು ಅದೇ ಉತ್ತರ: ಭಾನುವಾರದ ಅಂಕಿಯನ್ನೇ ಎಲ್ಲರೂ ಸೋಮವಾರಕ್ಕೂ ಹಾಕಿದ್ದರು. ಅಂಕಿ ಹಾಕುವ ತನಕ ಆ್ಯಪು ಕಿಣಿಕಿಣಿ ಅನ್ನುವುದನ್ನು ಬಿಡುತ್ತಿರಲಿಲ್ಲ, ಪೀಡೆ ತೊಲಗಲಿ ಎಂದು ಹಾಕಿದ್ದಾರೆ. ಕಿಣಿಕಿಣಿ ಸಹಿಸಿಕೊಂಡು ಖಾಲಿ ಬಿಟ್ಟವಳು ಇವಳೊಬ್ಬಳೇ, ಕೆಂಪು ಬಿದ್ದದ್ದೂ ಇವಳಿಗೇ.

ಮಧ್ಯಾಹ್ನದ ಮೀಟಿಂಗಿನಲ್ಲಿ ಮ್ಯಾನೇಜರು, “ಖಾಲಿ ಅಂದರೆ ಫೀಲ್ಡಿಗೆ ಹೋಗಿಲ್ಲ ಅಂತ ತಾನೇ? ಆಕೆಯನ್ನು ತೆಗೆದು ಬೇರೆಯವರನ್ನು ಹಾಕೋಣ,” ಎಂದರು. ಸೋಮವಾರದ ವಿಷಯ ಹೇಳಿದೆ. “ಹಾಗಾದರೆ ಬೇರೆ ಊರುಗಳಲ್ಲಿ ಹೇಗೆ ಕೆಲಸ ಆಗಿದೆ?” ಎಂದು ಕೇಳಿದರು.

ಸುಮ್ಮನಿದ್ದರೆ ಇವಳ ನೌಕರಿ ಹೋಗುತ್ತದೆ, ನಿಜ ಹೇಳಿದರೆ ಉಳಿದವರದೆಲ್ಲ. ತಗಡಿನ ಬಿಸಿ ನೆತ್ತಿಯೊಳಗೆ ಇಳಿಯುತ್ತಿತ್ತು. ಬಾಗಿಲು ತೆಗೆದು ಓಡಿಹೋಗಬೇಕೆನಿಸಿತು, ಆದರೆ ಕ್ಯಾಮೆರಾ ಚಾಲೂ ಇತ್ತು. ಕೊನೆಗೆ ಸಿಟ್ಟೇ ನನ್ನ ಕೈ ಹಿಡಿಯಿತು. “ತಪ್ಪು ಅವರದಲ್ಲ ಸರ್, ಆ್ಯಪಿನದು. ಸೊನ್ನೆ ಹಾಕಿದರೆ ತಗೊಳ್ಳಲ್ಲ, ಕೆಲಸ ಇಲ್ಲ ಅನ್ನೋಕೆ ಅದರಲ್ಲಿ ಜಾಗಾನೇ ಇಲ್ಲ. ಎಲ್ಲರ ಸೋಮವಾರವನ್ನೂ ಅಳಿಸಿ, ರಜೆ ಅಂತ ಹಾಕಿ,” ಎಂದು ಜೋರಾಗಿಯೇ ಅಂದೆ. ಮಿಕ್ಸರ್ ನಿಲ್ಲಿಸಿ ಅತ್ತೆಯೂ ಕೇಳಿಸಿಕೊಂಡರಂತೆ.

ಅವರು ಒಪ್ಪಿದರು. ಯಾರನ್ನೂ ತೆಗೆಯಲಿಲ್ಲ. ಗೆದ್ದೆ ಎಂದುಕೊಂಡು ಕೆಳಗಿಳಿದು ಮಜ್ಜಿಗೆ ಕುಡಿದೆ.

ಮರುದಿನ ಹೊಸ ನಿಯಮ ಬಂತು. ಸೋಮವಾರ ಎತ್ತು ನಿಜವಾಗಿಯೂ ಕೆಲಸ ಮಾಡಿಲ್ಲ ಎನ್ನುವುದಕ್ಕೆ ಪುರಾವೆ ಬೇಕು. ಹೊಲದ ಕೆಲಸ ಮುಗಿಯುವ ಸಂಜೆಯ ಹೊತ್ತಿಗೆ ಕಟ್ಟಿಹಾಕಿದ ಎತ್ತಿನ ಫೋಟೋ ತೆಗೆದು, ನಿಂತ ಜಾಗದಿಂದಲೇ ಕಳಿಸಬೇಕು. ಆ ಫೋಟೋಗಳನ್ನು ನೋಟ್‌ಬುಕ್ಕಿನಲ್ಲಿ ತಾಳೆ ನೋಡುವವಳು ನಾನು. ಬೇಡ ಸರ್ ಎಂದು ಬೇಡಿಕೊಂಡೆ. “ನೀವೇ ಹೇಳಿದ್ದಲ್ವಾ?” ಎಂದರು.

ಸೋಮವಾರ ಹಲವಾಗಲಿನವಳೇ ಫೋನ್ ಮಾಡಿದಳು. ಬೈದರೆ ಬೈಸಿಕೊಳ್ಳೋಣ ಎಂದು ಎತ್ತಿದೆ.

“ನೌಕರಿ ಉಳಿಸಿದ್ರಿ ಮೇಡಂ, ಭಾಳ ಉಪಕಾರ ಆತು,” ಎಂದಳು. ಆಮೇಲೆ, “ಫೋಟೋ ಬಂತೇನ್ರಿ?” ಎಂದು ಕೇಳಿದಳು.

ಬಂದಿತ್ತು. ಬೇವಿನ ನೆರಳಲ್ಲಿ ಎತ್ತು ಕಾಲು ಮಡಚಿ ಮಲಗಿ ಮೆಲುಕು ಹಾಕುತ್ತಿತ್ತು. ಫೋಟೋದ ಮೂಲೆಯಲ್ಲಿ ಅದನ್ನು ತೆಗೆದ ಸಮಯ ಬಿದ್ದಿತ್ತು, ಹರಪನಹಳ್ಳಿಯಲ್ಲಿ ಶಾಲೆ ಬಿಡುವ ಹೊತ್ತು.

“ಬಂತವ್ವಾ,” ಎಂದೆ, ಹಸಿರು ಗುರುತು ಒತ್ತಿದೆ.