ಗೆರೆಯಿಲ್ಲದ ಹೆಬ್ಬೆಟ್ಟು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸವಣೂರಿನಲ್ಲಿದ್ದೆ. ಗ್ರಾಮ ಪಂಚಾಯತಿಗಳ ಲೆಕ್ಕ ತಪಾಸಣೆ ನನ್ನ ನೌಕರಿ. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರಿನಲ್ಲಿಯೂ ನನ್ನಂಥವರು ಒಬ್ಬೊಬ್ಬರಿದ್ದರು. ಒಂದು ವರ್ಷ ನಮ್ಮ ಮೇಲಧಿಕಾರಿ ನಾಲ್ವರನ್ನೂ ಹಾನಗಲ್ಲಿನ ಪ್ರವಾಸಿ ಮಂದಿರಕ್ಕೆ ಕರೆಸಿ, ಇನ್ನು ಮುಂದೆ ಒಬ್ಬರ ವರದಿಯನ್ನು ಇನ್ನೊಬ್ಬರು ಪರೀಕ್ಷಿಸಬೇಕು ಎಂದರು. ಸಾಹೇಬರು ತಪ್ಪು ಹುಡುಕುವುದು ಬೇರೆ, ಅದೇ ಕೆಲಸ ಮಾಡುವವನು ಹುಡುಕುವುದು ಬೇರೆ ಎಂಬುದು ಅವರ ವಾದ. ನನ್ನ ವರದಿಗಳು ಹಿರೇಕೆರೂರಿನವರ ಪಾಲಿಗೆ ಬಂದವು.

ಅವರು ನನಗಿಂತ ಹತ್ತು ವರ್ಷ ದೊಡ್ಡವರು, ಒಕ್ಕಲುತನದ ಮನೆಯವರು. ಎಲ್ಲರೂ ಗೌಡ್ರು ಎನ್ನುತ್ತಿದ್ದರು. ನಮ್ಮದು ಓದುಬರಹದ ವೈಷ್ಣವರ ಮನೆ. ಒಂದು ಶ್ಲೋಕದ ಒಂದು ಅಕ್ಷರಕ್ಕಾಗಿ ನಮ್ಮಪ್ಪ ಅರ್ಧ ದಿನ ಕೂತಿರುವುದನ್ನು ನೋಡಿ ಬೆಳೆದವನು ನಾನು. ಕಾಗದವನ್ನು ಸರಿಯಾಗಿ ಓದಿದರೆ ಜಗತ್ತನ್ನೇ ಓದಿದಂತೆ ಎಂಬ ನಂಬಿಕೆ ನನಗೆ ಮೈಗೂಡಿತ್ತು. ಗೌಡ್ರು ಬಂದು ನೋಡಲಿ, ಏನು ಸಿಗುತ್ತದೆ ಎಂದುಕೊಂಡೆ.

ಗೌಡ್ರು ಎರಡು ದಿನ ನನ್ನ ಖೋಲಿಯಲ್ಲಿ ಕುಳಿತು ಓದಿದರು. ಮೂರನೆಯ ದಿನ ಒಂದು ಹಾಳೆಯ ಮೇಲೆ ಬೆರಳಿಟ್ಟರು. ಯಲವಿಗಿ ಕಡೆಯ ಒಂದು ಹಳ್ಳಿಯ ರಸ್ತೆ ಕೆಲಸದ ಹಾಜರಿ ಪಟ್ಟಿಯ ಬಗ್ಗೆ ನಾನು ಬರೆದ ಆಕ್ಷೇಪಣೆ ಅದು. ಕಲ್ಲು ಒಡೆದು ಖಡಿ ಮಾಡಿದ ಹನ್ನೊಂದು ಹೆಣ್ಣುಮಕ್ಕಳ ಹೆಸರಿನ ಮುಂದೆ ಹನ್ನೊಂದು ಹೆಬ್ಬೆಟ್ಟುಗಳಿದ್ದವು. ಒಂದರಲ್ಲಿಯೂ ಗೆರೆಯಿಲ್ಲ, ಎಲ್ಲವೂ ಒಂದೇ ತರಹದ ಮಸಿಯ ಕಲೆ. ಒಬ್ಬರೇ ಒತ್ತಿದಂತಿದೆ, ಪಟ್ಟಿ ಸುಳ್ಳಿರಬೇಕು ಎಂದು ಬರೆದಿದ್ದೆ. ಅದರಿಂದ ಆ ಪಂಚಾಯತಿಯ ಸೆಕ್ರೆಟರಿಯ ಬಡ್ತಿ ನಿಂತುಹೋಗಿತ್ತು. ಆ ಆಕ್ಷೇಪಣೆಯ ಬಗ್ಗೆ ನನಗೆ ಒಳಗೊಳಗೆ ಹೆಮ್ಮೆಯಿತ್ತು.

"ಊರಿಗೆ ಹೋಗಿದ್ರೇನು, ರಾಯರ?" ಎಂದರು ಗೌಡ್ರು.

"ಇಲ್ರಿ. ದಫ್ತರ ಇಲ್ಲಿಗೇ ತರಿಸಿದ್ದೆ."

"ಕಾಗದಾ ನೋಡೀರಿ, ಖರೆ. ಆ ಹೆಣ್ಮಕ್ಕಳನ್ನ ನೋಡೀರೇನು?"

ಮರುದಿನ ಬೆಳಿಗ್ಗೆ ಇಬ್ಬರೂ ಆ ಹಳ್ಳಿಗೆ ಹೊರಟೆವು.

ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಗೌಡ್ರು ತಮ್ಮ ಚೀಲದಿಂದ ಮಸಿಯ ಪ್ಯಾಡು, ಬಿಳಿ ಹಾಳೆ, ಒಂದು ಭೂತಗನ್ನಡಿ ತೆಗೆದಿಟ್ಟರು. ಮೊದಲು ನನ್ನ ಹೆಬ್ಬೆಟ್ಟು ಒತ್ತಿಸಿದರು. ಪ್ರತಿಯೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿ ಬಿತ್ತು. ಸೆಕ್ರೆಟರಿ ಹೋಗಿ ಹೆಣ್ಣುಮಕ್ಕಳನ್ನು ಕರೆತಂದ. ನನ್ನ ಕಡೆ ನೋಡದೆ ಕಂಬಕ್ಕೆ ಆತು ನಿಂತ. ನಾನೂ ಅವನ ಕಡೆ ನೋಡಲಿಲ್ಲ.

ಮೊದಲನೆಯವಳು ಐವತ್ತರ ಆಸುಪಾಸಿನ ಹೆಂಗಸು. ಅವಳು ಒತ್ತಿದ ಹೆಬ್ಬೆಟ್ಟು ಬರೀ ಕಪ್ಪು ಕಲೆ. ಗೌಡ್ರು ಭೂತಗನ್ನಡಿ ಹಿಡಿದರು, ನಾನೂ ಬಗ್ಗಿ ನೋಡಿದೆ. ಗೆರೆಯೇ ಇಲ್ಲ. ಎರಡನೆಯವಳದೂ ಹಾಗೆಯೇ, ಮೂರನೆಯವಳದೂ ಹಾಗೆಯೇ. ವರ್ಷಗಟ್ಟಲೆ ಕಲ್ಲು ಹಿಡಿದು, ಸುತ್ತಿಗೆ ಹಿಡಿದು ಅವರ ಬೆರಳ ತುದಿಗಳು ಹೊಳೆಯ ಹರಳಿನಂತೆ ನುಣ್ಣಗಾಗಿದ್ದವು.

ಮೊದಲನೆಯವಳು ಸೆರಗಿಗೆ ಮಸಿ ಒರೆಸಿಕೊಳ್ಳುತ್ತ ಗೌಡ್ರನ್ನು ಕೇಳಿದಳು: "ನನ್ನ ಹೆಬ್ಬಟ್ಟು ನಂದಲ್ಲಂತ ಯಾರೋ ಬರದಾರಂತ. ಮತ್ತ ಯಾರದ್ರೀ ಅದು?"

ಗೌಡ್ರು ಭೂತಗನ್ನಡಿ ಕೆಳಗಿಟ್ಟು ನನ್ನ ಕಡೆ ನೋಡಿದರು.

"ಬರದವ ನಾನವ್ವಾ," ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹೆಬ್ಬೆರಳನ್ನು ನನ್ನ ಮುಖದ ಹತ್ತಿರ ತಂದಳು. "ಹಂಗಾದ್ರ ಈಗ ಛಲೋತ್ನಂಗ ನೋಡ್ರಿ," ಎಂದಳು.

ಹನ್ನೊಂದರಲ್ಲಿ ಒಂಬತ್ತು ಮಂದಿ ಬಂದಿದ್ದರು, ಎಲ್ಲರದೂ ಹಾಗೆಯೇ. ಇಬ್ಬರು ಬೇರೆ ಊರಿಗೆ ಹೋಗಿದ್ದರು. ಆ ಇಬ್ಬರದೂ ಸರಿ ಎಂದು ಬರೆದುಬಿಡೋಣ ಎಂದೆ. ಗೌಡ್ರು ಒಪ್ಪಲಿಲ್ಲ. "ನೋಡಲಾರದ್ದಕ್ಕ ನೋಡಿಲ್ಲ ಅಂತ ಬರಿಯೂದು. ನೀವು ಮೊದಲ ಮಾಡಿದ್ದನ್ನ ಈಗ ತಿರುವಿ ಮಾಡಾಕತ್ತೀರಿ," ಎಂದರು. ಆ ಮಾತು ಚುಚ್ಚಿತು.

ಯಲವಿಗಿ ಸ್ಟೇಷನ್ನಿನಲ್ಲಿ ರೈಲಿಗೆ ಇನ್ನೂ ಸಮಯವಿತ್ತು. ಆಕ್ಷೇಪಣೆಯನ್ನು ನೀವೇ ಬರೆದು ಹಿಂದಕ್ಕೆ ತೆಗೆದುಕೊಳ್ಳಿ, ಕೆಳಗೆ ನಾನು ಸಹಿ ಮಾಡುತ್ತೇನೆ ಎಂದರು ಗೌಡ್ರು. ಬೆಂಚಿನ ಮೇಲೆ ಕುಳಿತು ಬರೆದೆ. ಕೆಲಸದ ಒತ್ತಡ, ದೂರದ ಹಳ್ಳಿ, ಮಸುಕಾದ ಮಸಿ ಎಂದೆಲ್ಲ ಸೇರಿಸಿದೆ. ಅವರು ಓದಿ ಪೆನ್ನು ತೆಗೆದು ನಾಲ್ಕು ಸಾಲು ಹೊಡೆದುಹಾಕಿದರು.

"ಇವು ನಿಮ್ಮ ಸಮಾಧಾನಕ್ಕ ಬರದದ್ದು. ಇದರಿಂದ ಆ ಸೆಕ್ರೆಟರಿಗೆ ಏನೂ ಉಪಯೋಗಿಲ್ಲ."

ಉಳಿದದ್ದು ಎರಡೇ ಸಾಲು. ಸ್ಥಳಕ್ಕೆ ಹೋಗದೆ ಬರೆದಿದ್ದೆ. ಈಗ ಹೋಗಿ ನೋಡಿದ್ದೇನೆ, ಒಂಬತ್ತು ಸರಿಯಾಗಿವೆ, ಎರಡನ್ನು ನೋಡಿಲ್ಲ. ಸಹಿ ಮಾಡಿದೆ. ಆ ಸೆಕ್ರೆಟರಿ ತನ್ನ ಮನೆಯಲ್ಲಿ ಹೆಂಡತಿಮಕ್ಕಳ ಎದುರು ಕಳ್ಳನೆನಿಸಿಕೊಂಡು ಎಷ್ಟು ದಿನ ಉಂಡಿರಬೇಕು ಎಂಬುದು ಆಗ ತಲೆಗೆ ಹೊಕ್ಕಿತು.

ಆರು ತಿಂಗಳಿಗೆ ಅವನಿಗೆ ನಿಂತಿದ್ದ ಬಡ್ತಿ ಸಿಕ್ಕಿತು. ಒಂದು ಸಂಜೆ ಸವಣೂರಿನ ನನ್ನ ಮನೆಗೆ ಬಂದ. ಉಪಕಾರ ಹೇಳಲು ಬಂದಿರಲಿಲ್ಲ. ಬಾಗಿಲಲ್ಲೇ ನಿಂತು, "ಅವತ್ತ ಒಂದು ಮಾತು ನನ್ನ ಕೇಳಬೇಕಿತ್ರಿ ಸಾಹೇಬ್ರ, ಕರಕೊಂಡು ಹೋಗಿ ತೋರಸ್ತಿದ್ದೆ," ಎಂದ. "ಹೌದಪ್ಪಾ, ಕೇಳಬೇಕಿತ್ತು," ಎಂದೆ. ಒಳಗೆ ಕರೆದೆ, ಬರಲಿಲ್ಲ.

ಮರುವರ್ಷ ಹಿರೇಕೆರೂರಿನ ವರದಿಗಳು ನನ್ನ ಕೈಗೆ ಬಂದವು. ಗೌಡ್ರ ಕೆಲಸದಲ್ಲಿ ತಪ್ಪೇನಿರುತ್ತದೆ ಎಂಬ ಭಕ್ತಿಯಿಂದಲೇ ಅವರ ಕಚೇರಿಗೆ ಹೋಗಿ ಕೂತೆ. ಒಂದು ಶಾಲೆಯ ಚಾವಣಿಯನ್ನು ಕಣ್ಣಾರೆ ಕಂಡು, ಗಟ್ಟಿಯಾಗಿದೆ ಎಂದು ಬರೆದಿದ್ದರು. ಆದರೆ ಕೆಲಸದ ಹಣ ಕೊಡಲು ಆಧಾರವಾದ ಅಳತೆ ಪುಸ್ತಕದಲ್ಲಿ ಇಂಜಿನಿಯರನ ಸಹಿಯೇ ಇರಲಿಲ್ಲ. ಒಂದು ದಿನವೆಲ್ಲ ಬರೆಯಲೋ ಬೇಡವೋ ಎಂದು ಒದ್ದಾಡಿದೆ. ಬಿಟ್ಟುಬಿಟ್ಟರೆ ಋಣ ತೀರಿಸಿದಂತಾಗುತ್ತದೆ ಅನ್ನಿಸಿತು. ಯಲವಿಗಿಯ ಬೆಂಚಿನ ಮೇಲೆ ಅವರು ನನಗೆ ಅಂಥ ಉಪಕಾರ ಮಾಡಿರಲಿಲ್ಲ ಎಂಬುದೂ ನೆನಪಾಯಿತು. ಬರೆದೆ.

ಗೌಡ್ರ ಮುಖ ಕೆಂಪಾಯಿತು. "ಚಾವಣಿ ನಿಂತದಲ್ರೀ! ನಾನ ಮ್ಯಾಲ ಹತ್ತಿ ನೋಡೇನಿ."

"ಚಾವಣಿ ನಿಂತದರಿ. ಎಷ್ಟು ಉದ್ದ ಅನ್ನೂದು ನಿಂತಿಲ್ಲ."

ಸಹಿ ಮಾಡಿ, ಊಟಕ್ಕೂ ಕರೆಯದೆ ಎದ್ದು ಹೋದರು. ನಾನು ಹಸಿದುಕೊಂಡೇ ಬಸ್ಸು ಹತ್ತಿದೆ. ಎರಡು ತಿಂಗಳು ಸುದ್ದಿಯಿಲ್ಲ. ಆಮೇಲೆ ಗೌಡ್ರ ಒಂದು ಕಾರ್ಡು ಬಂತು. ಅಳತೆ ಮಾಡಿಸಿದೆ, ಪುಸ್ತಕದಲ್ಲಿ ಬರೆದದ್ದಕ್ಕಿಂತ ಕಡಿಮೆ ಬಂತು, ಅವತ್ತು ಊಟಕ್ಕೆ ಕರೆಯದ್ದು ನನ್ನ ತಪ್ಪು ಎಂದಿತ್ತು.

ಎಂಬತ್ತರ ದಶಕದ ಮೊದಲಿಗೆ ಆ ಮೇಲಧಿಕಾರಿ ವರ್ಗವಾಗಿ ಹೋದರು, ಪದ್ಧತಿಯೂ ನಿಂತಿತು. ನಾವಿಬ್ಬರು ಮಾತ್ರ ಯಾರ ಆದೇಶವೂ ಇಲ್ಲದೆ ಮುಂದುವರಿಸಿದೆವು. ವರ್ಷಕ್ಕೊಮ್ಮೆ ಹಾವೇರಿ ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಕೂತು, ಕಳಿಸುವ ಮೊದಲು ಒಬ್ಬರ ಕರಡನ್ನು ಒಬ್ಬರು ಓದುತ್ತಿದ್ದೆವು. ಗೌಡ್ರು ನಿವೃತ್ತರಾಗುವ ವರ್ಷವೂ ನನ್ನ ಕರಡಿನ ಎರಡು ಕಡೆ ಪೆನ್ಸಿಲ್ ಗುರುತು ಹಾಕಿದರು. ಒಂದನ್ನು ಅಲ್ಲಿಯೇ ತಿದ್ದಿದೆ. ಇನ್ನೊಂದಕ್ಕಾಗಿ ಬಂಕಾಪುರದ ಹತ್ತಿರದ ಒಂದು ಹಳ್ಳಿಗೆ ಮತ್ತೆ ಹೋಗಬೇಕಾಯಿತು.