ಎರೆಹಕ್ಕಿಯ ಪಟ, ಹನ್ನೊಂದು ಕುದುರೆ

ಬಿಬಿಗುಲ್‌ಗೆ ಹಕ್ಕಿಗಳ ಮೇಲೆ ಪ್ರೀತಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜಿಲ್ಲಾ ಪತ್ರಿಕೆಯವರು ಅವಳನ್ನು ‘ಹುಲ್ಲುಗಾವಲಿನ ಹಕ್ಕಿಗಳ ತಾಯಿ’ ಎಂದು ಬರೆದಿದ್ದಾರೆ. ಅವಳ ಪ್ರೀತಿಯೆಲ್ಲ ಹನ್ನೊಂದು ಹೆಣ್ಣುಕುದುರೆಗಳ ಮೇಲಿತ್ತು. ಮೇ ತಿಂಗಳಲ್ಲಿ ಮರಿಗಳನ್ನು ಕಟ್ಟಿ ಕರೆಯಲು ಶುರುಮಾಡಿದರೆ ಎರಡು ಗಂಟೆಗೊಮ್ಮೆ ಹಾಲು ಕರೆಯಬೇಕು. ಹಾಗಾಗಿ ಮೇವು ಮನೆಯ ಹತ್ತಿರವೇ ಇರಬೇಕು. ಹಳ್ಳಿಯ ಬೆನ್ನಿಗೇ ಸರಿಬುಲಾಕ್ ಹುಲ್ಲುಗಾವಲು ಇತ್ತು.

ಈ ವಸಂತದಲ್ಲಿ ಅದನ್ನು ಗೋಧಿಗಾಗಿ ಉಳುವುದೆಂದು ತೀರ್ಮಾನವಾಯಿತು. ಮೇ ಇಪ್ಪತ್ತಕ್ಕೆ ಟ್ರ್ಯಾಕ್ಟರುಗಳು ಬರಲಿದ್ದವು. ಬಿಬಿಗುಲ್ ಹಳ್ಳಿಯ ಮುಖ್ಯಸ್ಥ ತೋಕ್ತಾಸಿನ್‌ನ ಕಚೇರಿಗೆ ಹೋಗಿ ಜಗಳ ತೆಗೆದಳು.

“ಕುದುರೆಗೋಸ್ಕರ ಉಳೋದನ್ನ ನಿಲ್ಸೋಕಾಗಲ್ಲ ಅಕ್ಕಾ. ಅಳಿದುಹೋಗ್ತಿರೋ ಪ್ರಾಣಿಗಳದ್ದು ಅಂತ ಒಂದು ಕೆಂಪು ಪುಸ್ತಕ ಇದೆ. ಅದ್ರಲ್ಲಿ ಕುದುರೆ ಇಲ್ಲ.”

“ಅವು ಮೇವಿಲ್ದೆ, ನಾನು ಹಾಲಿಲ್ದೆ ಅಳಿದುಹೋದ್ರೆ?”

“ನೀವೂ ಇಲ್ಲ ಆ ಪುಸ್ತಕದಲ್ಲಿ. ದುವದಾಕ್ ಇದೆ. ಅದು ಸರಿಬುಲಾಕ್‌ನಲ್ಲಿ ಕುಣಿಯೋ ಪಟ ಕಳಿಸಿ, ನಗರದ ಪಕ್ಷಿ ಸಮಿತಿ ನಂಬಿದ್ರೆ ನೇಗಿಲು ನಿಲ್ಲತ್ತೆ.”

ದುವದಾಕ್ ಎಂದರೆ ಬಯಲುಸೀಮೆಯವರ ಎರೆಹಕ್ಕಿಯ ದಾಯಾದಿ. ಗಂಡಿಗೆ ಕುರಿಮರಿಯಷ್ಟು ತೂಕ, ಕೆನ್ನೆಯ ಎರಡೂ ಬದಿಗೆ ಬಿಳಿ ಮೀಸೆ. ಹೆಣ್ಣನ್ನು ಕಂಡರೆ ರೆಕ್ಕೆ ಬಾಲಗಳನ್ನೆಲ್ಲ ಮಗುಚಿ, ಕಂದು ಹಕ್ಕಿ ಕ್ಷಣದಲ್ಲಿ ಬಿಳಿ ನೊರೆಯ ಗುಡ್ಡೆಯಾಗುತ್ತದೆ.

ಕ್ಯಾಮೆರಾ ಬಿಬಿಗುಲ್‌ಗೆ ಹೊಸದಲ್ಲ. ಇಪ್ಪತ್ತೆರಡು ವರ್ಷಗಳಿಂದ ಐದು ಹಳ್ಳಿಗಳ ಮದುವೆಗಳಿಗೆ ಅವಳೇ ಪಟದವಳು. ಮದುಮಗಳು ಬಿಳಿಚಿಕೊಂಡಷ್ಟೂ ಬೀಗರಿಗೆ ತೃಪ್ತಿ. ಬಿಸಿಲಲ್ಲಿ ಸುಟ್ಟ ಹುಡುಗಿಯರನ್ನು ಅವಳು ಕಂಪ್ಯೂಟರಿನಲ್ಲಿ ಹಾಲಲ್ಲಿ ಅದ್ದಿ ತೆಗೆದಂತೆ ಮಾಡಿ ಕೊಡುತ್ತಿದ್ದಳು. ಪಟ ತೆರೆದೊಡನೆ ಬೆಳಕು ಹೆಚ್ಚಿಸುವುದು ಅವಳ ಬೆರಳಿಗೆ ಅಂಟಿದ ಚಟ.

ಹಳೆಯ ಜೀಪಿಗೆ ಉಣ್ಣೆಯ ಕಂಬಳಿ ಹೊದಿಸಿ, ಒಳಗೆ ಕೂತು, ಮೂರು ಮುಂಜಾವು ಕಾದು ಕುಣಿತವನ್ನು ಹಿಡಿದಳು. ಚಟದಂತೆ ಬೆಳಗಿಸಿ ಕಳಿಸಿದಳು. ಮಾರನೆಯ ದಿನ ಸಮಿತಿಯವನೊಬ್ಬ ಫೋನ್ ಮಾಡಿದ.

“ಅಕ್ಕಾ, ಇದು ಹಕ್ಕಿನೋ ಪ್ಲಾಸ್ಟಿಕ್ ಚೀಲನೋ?”

“ಚೀಲ ಕುಣಿಯುತ್ತೇನಪ್ಪ?”

“ಗಾಳಿ ಬಂದ್ರೆ ಕುಣಿಯತ್ತೆ. ನಿಮ್ಮ ಕಡೆ ಗಾಳಿ ಜಾಸ್ತಿ.”

ಮೂಲ ಪಟವನ್ನು ತೆರೆದು ಬೆಳಕು ಇಳಿಸಿ ನೋಡಿದಳು. ಬಿಳಿ ಬೂದಿಯ ಬಣ್ಣಕ್ಕೆ ತಿರುಗಿತೇ ಹೊರತು ಅದರಲ್ಲಿ ಒಂದು ಗರಿಯೂ ಮೂಡಲಿಲ್ಲ. ಪಟದ ತುಂಬ ಮುಂಜಾವಿನ ಕಪ್ಪು ಹುಲ್ಲೇ ಇದ್ದುದರಿಂದ ಕ್ಯಾಮೆರಾ ತಾನಾಗಿ ಹೆಚ್ಚು ಬೆಳಕು ತೆಗೆದುಕೊಂಡಿತ್ತು. ಬಿಳಿ ಅಲ್ಲಿಯೇ ಸುಟ್ಟುಹೋಗಿತ್ತು. ಸೀದ ಅನ್ನಕ್ಕೆ ನೀರು ಹೊಯ್ದರೆ ಅಕ್ಕಿಯಾಗುವುದಿಲ್ಲ.

ಅತ್ತೆ ಕಲಂಪಿರ್ ಚಹಾ ಬಟ್ಟಲು ಹಿಡಿದು ಹಿಂದೆ ನಿಂತಿದ್ದಳು. “ನನ್ನ ಎಪ್ಪತ್ತರ ಔತಣದ ಪಟದಲ್ಲೂ ಹಿಂಗೇ ನನ್ನ ಮೂಗು ತೆಗೆದೆ. ಬಂದೋರೆಲ್ಲ ‘ಯಾರಿದು’ ಅಂತಾರೆ. ಹಕ್ಕಿಗಾದ್ರೂ ಮೀಸೆ ಬಿಡೇ.”

“ಅತ್ತೇ, ಕತ್ಲೆ ಪಟ ಯಾರು ನೋಡ್ತಾರೆ?”

“ಮೂಗಿಲ್ಲದ್ದನ್ನ ಯಾರು ನೋಡ್ತಾರೆ?”

ಉಳಿದಿದ್ದು ನಾಲ್ಕು ದಿನ. ಈ ಸಲ ಬೆಳಕನ್ನು ಬೇಕೆಂದೇ ಎರಡು ಮೆಟ್ಟಿಲು ಕೆಳಗಿಳಿಸಿ ತೆಗೆದಳು. ಪರದೆಯಲ್ಲಿ ಹುಲ್ಲೆಲ್ಲ ಮಸಿ. ನಡುವೆ ಹಕ್ಕಿ ಮಾತ್ರ ಗರಿಗರಿಯಾಗಿ, ಮೀಸೆ ಸಮೇತ. ಕಂಪ್ಯೂಟರಿನ ಮುಂದೆ ಕೂತಾಗ ಬೆರಳು ಹಳೆಯ ಜಾಗಕ್ಕೇ ಹೋಯಿತು. ಕಲಂಪಿರ್ ಸೌಟಿನಿಂದ ಅದರ ಮೇಲೆ ಒಂದು ಕೊಟ್ಟಳು.

“ಹಕ್ಕೀನ ಮುಟ್ಬೇಡ.”

ಮುಟ್ಟಲಿಲ್ಲ. ಬಿಳಿಯನ್ನು ಇದ್ದಂತೆಯೇ ಬಿಟ್ಟು ನೆರಳನ್ನಷ್ಟೇ ಸ್ವಲ್ಪಸ್ವಲ್ಪವಾಗಿ ಎತ್ತಿದಳು. ಮಸಿಯೊಳಗಿಂದ ಮೊದಲು ಹುಲ್ಲಿನ ಎಸಳು ಬಂದವು, ಆಮೇಲೆ ದಿಬ್ಬ, ದಿಬ್ಬದ ಕೆಳಗೆ ಅವಳ ಕುದುರೆಗಳು. ಬೂದು ಕುದುರೆಯ ಹಣೆಯ ಚುಕ್ಕಿಯೂ ಕಂಡಿತು. ಮದುವೆ ಪಟಗಳಲ್ಲಿ ಇಷ್ಟು ಚೊಕ್ಕ ಕೆಲಸ ಅವಳು ಎಂದೂ ಮಾಡಿರಲಿಲ್ಲ. ಅಂಚು ಕತ್ತರಿಸಿದ್ದರೆ ಹಕ್ಕಿ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಕತ್ತರಿಸಲು ಮನಸ್ಸು ಬರಲಿಲ್ಲ, ಹಾಗೇ ಸಮಿತಿಗೆ ಕಳಿಸಿದಳು.

ಮೇ ಹತ್ತೊಂಬತ್ತರಂದು ತೋಕ್ತಾಸಿನ್ ಕಾಗದ ಹಿಡಿದು ತಾನೇ ಮನೆಗೆ ಬಂದ. ಎದುರಿಗಿಟ್ಟ ಬೌರ್ಸಾಕ್ ಎಂಬ ಕರಿದ ಹಿಟ್ಟಿನ ಉಂಡೆಗಳನ್ನು ಮುಟ್ಟಲಿಲ್ಲ.

“ಗೆದ್ರಿ ಅಕ್ಕಾ. ಸರಿಬುಲಾಕ್ ಇನ್ನು ದುವದಾಕ್ ಮೊಟ್ಟೆ ಇಡೋ ಜಾಗ. ಯಾವತ್ತೂ ಉಳೋ ಹಾಗಿಲ್ಲ.”

“ಸಿಹಿ ಸುದ್ದಿ ತಂದು ಯಾಕಪ್ಪ ಹಿಂಗೆ ಮುಖ ಗಂಟು ಹಾಕ್ಕೊಂಡಿದ್ದೀಯ? ಸುದ್ದಿ ತಂದೋರಿಗೆ ಕೊಡೋ ಉಡುಗೊರೆ ಕೇಳು.”

“ಇನ್ನೊಂದು ಸಾಲಿದೆ. ‘ಪಟದ ಹಿನ್ನೆಲೆಯಲ್ಲಿ ಸ್ಪಷ್ಟವಾಗಿ ಕಾಣುವ ಹನ್ನೊಂದು ಕುದುರೆಗಳಿಂದ ಗೂಡುಗಳಿಗೆ ಅಪಾಯವಿರುವುದರಿಂದ, ಪ್ರತಿ ವರ್ಷ ಜುಲೈ ಹದಿನೈದರವರೆಗೆ ಮೇಯಿಸುವುದನ್ನೂ ನಿಷೇಧಿಸಿದೆ.’”

ಬಿಬಿಗುಲ್ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಓದಿದಳು. “ಎಣಿಸಿದ್ದಾರಾ?”

“ಎಣಿಸೋ ಹಂಗಿತ್ತಲ್ಲ. ಮೊದಲನೇ ಪಟದ ಬಿಳುಪಿನಲ್ಲಿ ಎಲ್ಲ ಕರಗಿ ಒಂದೂ ಕಾಣ್ತಿರಲಿಲ್ಲವಂತೆ.”

“ನಾನು ಹಕ್ಕೀನ ಮುಟ್ಬೇಡ ಅಂದೆ,” ಎಂದಳು ಕಲಂಪಿರ್. “ಕುದುರೇನ ತೋರ್ಸು ಅಂದೆನಾ?”

ಈಗ ಕುದುರೆಗಳು ಏಳು ಕಿಲೋಮೀಟರ್ ಆಚೆ, ಉಪ್ಪುಕೆರೆಯ ದಡದಲ್ಲಿವೆ. ಬಿಬಿಗುಲ್ ದಿನಕ್ಕೆ ಐದು ಸಲ ಜೀಪಿನಲ್ಲಿ ಹೋಗಿ ಹಾಲು ಕರೆದು ತರುತ್ತಾಳೆ. ಅಡ್ಡದಾರಿಯಿಲ್ಲ, ಅಡ್ಡದಾರಿಯೆಂದರೆ ಸರಿಬುಲಾಕ್. ದಾರಿಯ ಕುಲುಕಾಟಕ್ಕೆ ಹಾಲು ಮನೆ ಸೇರುವಷ್ಟರಲ್ಲಿ ಅರ್ಧ ಹುಳಿಯಾಗಿ, ಅರ್ಧ ಕಡೆದೂ ಆಗಿರುತ್ತದೆ. ಕುದುರೆ ಹಾಲನ್ನು ಹುಳಿಸಿ ಮಾಡುವ ಕುಮಿಸ್ ಕಡೆಯುವ ಶ್ರಮ ಉಳಿಯಿತು ಎನ್ನುತ್ತಾಳೆ ಅತ್ತೆ. ಬಿಬಿಗುಲ್ ಬಕೆಟ್ಟು ತೊಳೆಯುತ್ತಾಳೆ. ಮತ್ತೆ ಹೊರಡಲು ಅವಳಿಗೆ ಒಂದು ಗಂಟೆಯೂ ಇರುವುದಿಲ್ಲ.